ನವೆಂಬರ್ ಒಂದು

ಗೋಡೆಯ ಮೇಲೆ ತೂಗುವ ದಿನದರ್ಶಿಕೆಯಲ್ಲಿ ಎಲ್ಲ ದಿನಗಳಿಗೂ ಒಂದೇ ಅಳತೆಯ ಮನೆಗಳಿರುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಕೆಂಪು ಅಕ್ಷರದಲ್ಲಿ ಮುದ್ರಿತವಾಗಿರುತ್ತವೆ. ಅಂದು ಶಾಲೆಗೆ ರಜೆಯೆಂದು ತಿಳಿದು ನಾವು ಸಂತೋಷಪಡುತ್ತೇವೆ. ಆದರೆ ಆ ದಿನಕ್ಕೆ ಆ ಬಣ್ಣ ಹೇಗೆ ಬಂದಿತು, ಅದಕ್ಕಾಗಿ ಯಾರು ಎಷ್ಟು ಕಾಲ ದುಡಿದರು ಎಂಬುದನ್ನು ಆಲೋಚಿಸುವವರು ವಿರಳ. ನವೆಂಬರ್ 1 ಅಂತಹ ದಿನಗಳಲ್ಲೊಂದು.

ಪ್ರಪಂಚದ ಚರಿತ್ರೆಯಲ್ಲಿ ಈ ದಿನ ಹಲವು ಬಗೆಯಾಗಿ ಕಾಣಿಸಿಕೊಂಡಿದೆ. ಕ್ರೈಸ್ತರಲ್ಲಿ ಅನೇಕರಿಗೆ ಇದು ಸಕಲ ಸಂತರ ಹಬ್ಬ. 1755ರಲ್ಲಿ ಈ ಹಬ್ಬದ ಬೆಳಗಿನಲ್ಲಿಯೇ ಪೋರ್ಚುಗಲ್ ದೇಶದ ಲಿಸ್ಬನ್ ನಗರವು ಭೂಕಂಪ, ಬೆಂಕಿ ಮತ್ತು ಕಡಲಿನ ಮಹಾ ಅಲೆಗಳಿಗೆ ತುತ್ತಾಯಿತು. 1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಲಾರ್ಡ್ ಕ್ಯಾನಿಂಗ್ ಅಲಹಾಬಾದಿನಲ್ಲಿ ಓದಿಸಿದನು. ಭಾರತದ ಆಡಳಿತವು ಈಸ್ಟ್ ಇಂಡಿಯಾ ಕಂಪೆನಿಯ ಕೈಯಿಂದ ಬ್ರಿಟಿಷ್ ಅರಸೊತ್ತಿಗೆಯ ಕೈಗೆ ಹೋಯಿತು. ಒಂದು ದೇಶವೇ ಕೈಬದಲಾದರೂ ಅಲ್ಲಿನ ಪ್ರಜೆಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. 98 ವರ್ಷಗಳ ಬಳಿಕ ಅದೇ ದಿನಾಂಕದಂದು ನಡೆದ ಇನ್ನೊಂದು ಘಟನೆ ಇದಕ್ಕಿಂತ ಭಿನ್ನವಾದುದು. ಅದರ ಹಿಂದೆ ಜನರ ಇಚ್ಛೆಯಿತ್ತು.

ಅದನ್ನು ಅರಿಯಲು ಹಾಸನ ಜಿಲ್ಲೆಯ ಹಾನುಬಾಳಿನ ಕಡೆಗೆ ಒಮ್ಮೆ ದೃಷ್ಟಿ ಹರಿಸೋಣ. ಇದು ಸಕಲೇಶಪುರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಕಾಫಿ, ಏಲಕ್ಕಿ, ಮೆಣಸಿನ ತೋಟಗಳೂ ಬೆಟ್ಟಗಳ ನಡುವಿನ ಗದ್ದೆಗಳೂ ಇಲ್ಲಿನ ಸಂಪತ್ತು. ಈ ಸೀಮೆಯ ಪಶ್ಚಿಮದ ಅಂಚಿನಲ್ಲಿ ಸಹ್ಯಾದ್ರಿಯ ಸಾಲು ನಿಂತಿದೆ. ಅದರ ನೆತ್ತಿಯಲ್ಲಿ ಸುರಿದ ಮಳೆ ಪೂರ್ವಕ್ಕೆ ಹರಿದರೆ ಹೇಮಾವತಿಯನ್ನು ಸೇರಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಪಶ್ಚಿಮಕ್ಕೆ ಹರಿದರೆ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ.

1956ಕ್ಕೆ ಮೊದಲು ಇಲ್ಲಿ ನೀರಿನಂತೆಯೇ ಆಡಳಿತವೂ ಇಬ್ಭಾಗವಾಗಿತ್ತು. ಘಟ್ಟದ ಮೇಲಿನ ಸಕಲೇಶಪುರ ಮೈಸೂರು ರಾಜ್ಯಕ್ಕೆ ಸೇರಿತ್ತು. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದರಾಸು ರಾಜ್ಯದ ಒಂದು ಜಿಲ್ಲೆಯಾಗಿತ್ತು. ತಾಲ್ಲೂಕಿನ ದಕ್ಷಿಣಕ್ಕಿರುವ ಕೊಡಗು ಬೇರೆಯೇ ಒಂದು ಪುಟ್ಟ ರಾಜ್ಯ. ಮಲೆನಾಡಿನ ರೈತನು ಹರಕೆ ಹೊತ್ತು ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟರೆ ಘಟ್ಟವಿಳಿಯುತ್ತಲೇ ಬೇರೊಂದು ರಾಜ್ಯವನ್ನು ಪ್ರವೇಶಿಸುತ್ತಿದ್ದನು. ಅವನಿಗೆ ಅಲ್ಲಿ ಕನ್ನಡ ಮಾತು ಕೇಳಿಸುತ್ತಿತ್ತು. ಆದರೆ ಆ ನೆಲದ ಉಚ್ಚ ನ್ಯಾಯಾಲಯವೂ ಸಚಿವಾಲಯವೂ ದೂರದ ಮದರಾಸಿನಲ್ಲಿದ್ದವು.

ಕನ್ನಡ ನಾಡಿನ ಉಳಿದ ಭಾಗಗಳ ಸ್ಥಿತಿಯೂ ಹೀಗೆಯೇ ಇತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿಗೆ ಸೇರಿದ್ದವು. ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದಿಗೆ ಸೇರಿದ್ದವು. ಎಲ್ಲಿ ನೋಡಿದರೂ ಕನ್ನಡಿಗರು ಅನ್ಯ ಭಾಷಿಕರ ನಡುವೆ ಅಲ್ಪಸಂಖ್ಯಾತರಾಗಿ ಉಳಿದಿದ್ದರು.

ಈ ಒಡಕನ್ನು ಸರಿಪಡಿಸುವ ಪ್ರಯತ್ನ ಬಹುಕಾಲ ನಡೆಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಸ್ಥಾಪಿತವಾದವು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಮರೆತ ಹಿರಿಮೆಯನ್ನು ಜನರಿಗೆ ನೆನಪಿಸಿದರು. ಅವರು ಹುಟ್ಟಿದ್ದು ವಿಜಯಪುರದಲ್ಲಿ; ನಮ್ಮ ಹಾಸನ ಜಿಲ್ಲೆಯ ಆಲೂರಿಗೂ ಅವರ ಹೆಸರಿಗೂ ಸಂಬಂಧವಿಲ್ಲ. ಹೋರಾಟದಲ್ಲಿ ಪ್ರಾಣವನ್ನೇ ತೆತ್ತವರೂ ಉಂಟು. 1953ರಲ್ಲಿ ಬಳ್ಳಾರಿಯು ಮೈಸೂರನ್ನು ಸೇರಿದ ಸಂದರ್ಭದಲ್ಲಿ ರಂಜಾನ್ ಸಾಬ್ ಎಂಬ ಕನ್ನಡಾಭಿಮಾನಿ ದುಷ್ಕರ್ಮಿಗಳ ಕೃತ್ಯಕ್ಕೆ ಬಲಿಯಾದರು.

ಎಲ್ಲ ಕನ್ನಡಿಗರೂ ಮೊದಲಿನಿಂದಲೇ ಒಮ್ಮತದಿಂದಿದ್ದರೆಂದು ಭಾವಿಸುವುದು ತಪ್ಪಾದೀತು. ವಿದ್ಯುತ್ತು, ನೀರಾವರಿ, ಶಿಕ್ಷಣಗಳಲ್ಲಿ ಮುಂದುವರಿದಿದ್ದ ಹಳೆಯ ಮೈಸೂರಿನಲ್ಲಿ ಅನೇಕರು ಏಕೀಕರಣಕ್ಕೆ ಹಿಂಜರಿದರು. ಹಿಂದುಳಿದ ಪ್ರದೇಶಗಳ ಭಾರ ತಮ್ಮ ಮೇಲೆ ಬೀಳುವುದೆಂಬ ಅಳುಕು ಅವರದು. ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ಆ ವಿರೋಧವನ್ನು ಎದುರಿಸಿ ಏಕೀಕರಣದ ಪರವಾಗಿ ನಿಂತರು. ಕವಿ ಕುವೆಂಪು ಅವರೂ ಅದಕ್ಕೆ ದನಿಗೂಡಿಸಿದರು. ಇದ್ದವರು ಇಲ್ಲದವರೊಡನೆ ಹಂಚಿಕೊಂಡು ಬಾಳಬೇಕೆಂಬ ತತ್ತ್ವವೇ ಕೊನೆಗೆ ಗೆದ್ದಿತು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ 19 ಜಿಲ್ಲೆಗಳೊಂದಿಗೆ ಅಸ್ತಿತ್ವಕ್ಕೆ ಬಂದಿತು. ಎಸ್. ನಿಜಲಿಂಗಪ್ಪನವರು ಅದರ ಪ್ರಥಮ ಮುಖ್ಯಮಂತ್ರಿಗಳಾದರು. ಅಂದು ಸಹ್ಯಾದ್ರಿಯ ಬೆಟ್ಟಗಳು ಕದಲಲಿಲ್ಲ. ಹೊಳೆಗಳು ದಿಕ್ಕನ್ನು ಬದಲಿಸಲಿಲ್ಲ. ಆದರೆ ಅಲ್ಲಿದ್ದ ರಾಜ್ಯದ ಗಡಿ ಕೇವಲ ಜಿಲ್ಲೆಯ ಗಡಿಯಾಯಿತು. ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಶಾಸನಸಭೆಗೆ ಪ್ರತಿನಿಧಿಗಳನ್ನು ಕಳುಹಿಸುವವರಾದರು. ಮುಂದೆ 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದಿತು. ಆ ಹೆಸರಿಗಾಗಿ ಜೀವ ತೇಯ್ದ ಆಲೂರರು ಅದನ್ನು ಕಾಣಲಿಲ್ಲ. ಅವರು 1964ರಲ್ಲಿಯೇ ನಿಧನರಾಗಿದ್ದರು.

ಈ ಸಂತೋಷದಲ್ಲಿ ಒಂದು ಕೊರಗೂ ಉಳಿಯಿತು. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು, ಅದೇ ದಿನ ಉದಯಿಸಿದ ಕೇರಳಕ್ಕೆ ಸೇರಿಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈ ಮೊದಲಾದವರು ಅದನ್ನು ಮರಳಿ ಪಡೆಯಲು ಹೋರಾಡಿದರೂ ಗಡಿ ಬದಲಾಗಲಿಲ್ಲ. ನಮ್ಮ ಶಾಲೆಗಳಲ್ಲಿ ರಾಜ್ಯೋತ್ಸವದ ಧ್ವಜ ಏರುವ ದಿನವೇ ಕಾಸರಗೋಡಿನ ಕನ್ನಡದ ಮಗುವಿಗೆ ಕೇರಳದ ಹುಟ್ಟುಹಬ್ಬ. ಎಲ್ಲಿ ಗೆರೆ ಎಳೆದರೂ ಯಾರೋ ಕೆಲವರು ಆಚೆಗೆ ಉಳಿಯುತ್ತಾರೆ.

ಈ ಮಾತು ನಮಗೂ ಅನ್ವಯಿಸುತ್ತದೆ. ತುಳು, ಕೊಡವ, ಕೊಂಕಣಿ, ಉರ್ದು, ತಮಿಳು ಮುಂತಾದ ಭಾಷೆಗಳನ್ನು ಮನೆಮಾತಾಗಿ ಉಳ್ಳವರು ನಮ್ಮ ಗೆರೆಯ ಒಳಗೇ ಇದ್ದಾರೆ. ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿಯುವವರಲ್ಲಿಯೂ ಅಂತಹವರು ಅನೇಕರು. ಗಡಿಯಾಚೆಯ ಕನ್ನಡಿಗನಿಗೆ ಯಾವ ಗೌರವವನ್ನು ನಾವು ಬಯಸುತ್ತೇವೆಯೋ, ನಮ್ಮೊಡನೆ ಒಂದೇ ಬೆಂಚಿನಲ್ಲಿ ಕುಳಿತ ಅನ್ಯಭಾಷೆಯ ಗೆಳೆಯನಿಗೂ ಅದನ್ನೇ ಸಲ್ಲಿಸಬೇಕು. ಹಿರಿಯರು ದುಡಿದು ಗಳಿಸಿಕೊಟ್ಟ ದಿನವನ್ನು ಅರ್ಥವತ್ತಾಗಿ ಆಚರಿಸುವ ಬಗೆ ಇದು.

ಅಭ್ಯಾಸ
1. 1858ರ ಮತ್ತು 1956ರ ನವೆಂಬರ್ 1ರ ಘಟನೆಗಳಿಗೆ ಇರುವ ವ್ಯತ್ಯಾಸವೇನು?
2. ಏಕೀಕರಣಕ್ಕೆ ಹಳೆಯ ಮೈಸೂರಿನ ಅನೇಕರು ಹಿಂಜರಿಯಲು ಕಾರಣವೇನು?
3. ನಿಮ್ಮ ಊರು 1956ಕ್ಕೆ ಮೊದಲು ಯಾವ ಆಡಳಿತಕ್ಕೆ ಸೇರಿತ್ತು? ಹಿರಿಯರನ್ನು ಕೇಳಿ ತಿಳಿದು ಬರೆಯಿರಿ.