ಬರೆದಿಡಿ, ಆಮೇಲೆ ಕೈ ಚಾಚಿ

ಓಪನ್ ಸೋರ್ಸ್ ತಂತ್ರಾಂಶ ಕಟ್ಟುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಎರಡು ಪ್ರಶ್ನೆ. ದುಡ್ಡು ಎಲ್ಲಿ ಸಿಗುತ್ತೆ ಸಾರ್? ಡಾಕ್ಯುಮೆಂಟೇಶನ್ ಬರೆದುಕೊಡುವವರು ಯಾರಾದರೂ ಇದ್ದಾರಾ? ನನ್ನ ಲೆಕ್ಕದಲ್ಲಿ ಇವೆರಡೂ ಒಂದೇ. ನಿಮ್ಮ ತಲೆಯೊಳಗೆ ಮಾತ್ರ ಇರುವ ಕೆಲಸಕ್ಕೆ ದುಡ್ಡು ಕೊಡಬೇಕೆನ್ನುವವರಿಗೂ ಯಾವುದಕ್ಕೆ, ಎಷ್ಟು ಕೊಡಬೇಕೆಂದು ತಿಳಿಯುವುದಿಲ್ಲ. ವಯಸ್ಸಿನ ಸಲುಗೆಯಿಂದ ಒಂದಿಷ್ಟು ಹೇಳುತ್ತೇನೆ, ಕೇಳಿ.

• ಜನ ಬಳಸತೊಡಗಿದರೆ ದುಡ್ಡು ತಾನಾಗಿ ಬರುತ್ತದೆ ಅನ್ನುವ ಭ್ರಮೆ ಬಿಡಿ. ಬ್ಯಾಂಕಿನಿಂದ ಹಿಡಿದು ಅಂಗಡಿಯವರೆಗೆ ಲೆಕ್ಕವಿಲ್ಲದಷ್ಟು ವೆಬ್‌ಸೈಟುಗಳ ಗುಟ್ಟು ಕಾಯುತ್ತಿದ್ದದ್ದು ಓಪನ್‌ಎಸ್‌ಎಸ್‌ಎಲ್. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಗೊತ್ತಾಯಿತು: ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಒಬ್ಬರು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ದೊಡ್ಡ ದೊಡ್ಡ ಕಂಪನಿಗಳನ್ನು ಸೇರಿಸಿ ನಿಧಿಯೊಂದನ್ನು ಕಟ್ಟಿತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು. ನೀವು ಮೊದಲೇ ಕೇಳಿ.

• ಲೈಸೆನ್ಸ್ ಫೈಲ್ ಇಂದೇ ಹಾಕಿ. ಅದಿಲ್ಲದ ಕೋಡ್ ಊರಿಗೆಲ್ಲ ಕಾಣುತ್ತಿದ್ದರೂ ಓಪನ್ ಸೋರ್ಸ್ ಅಲ್ಲ, ಯಾವ ಕಂಪನಿಯ ವಕೀಲರೂ ಅದನ್ನು ಮುಟ್ಟಲು ಬಿಡುವುದಿಲ್ಲ.

• ರೀಡ್‌ಮಿಯ ಮೊದಲ ಪರದೆಯಲ್ಲೇ ಮೂರು ವಿಷಯ ಬರಲಿ: ಇದು ಏನು ಮಾಡುತ್ತದೆ, ಯಾರಿಗೆ ಬೇಕು, ಹಾಕಿಕೊಳ್ಳುವುದು ಹೇಗೆ. ನಿಮ್ಮ ಹೆಗ್ಗಳಿಕೆ, ಬಣ್ಣಬಣ್ಣದ ಬ್ಯಾಡ್ಜುಗಳೆಲ್ಲ ಕೆಳಗಿರಲಿ. ಬರೆದಾದ ಮೇಲೆ, ಈ ಯೋಜನೆಯ ಗಂಧಗಾಳಿ ಇಲ್ಲದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರನ್ನು ಕೂರಿಸಿ ಇನ್‌ಸ್ಟಾಲ್ ಮಾಡಿಸಿ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಿ. (ಕಷ್ಟವಿದೆ, ಗೊತ್ತು.) ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಒಂದು ವಾಕ್ಯ ಸೇರಿಸಿ.

• ಎಲ್ಲವನ್ನೂ ಒಂದೇ ಪುಟಕ್ಕೆ ತುರುಕಬೇಡಿ. ಡಾನಿಯೆಲೆ ಪ್ರೊಚಿಡಾ ಎಂಬುವರು ‘ಡಯಟಾಕ್ಸಿಸ್’ ಹೆಸರಿನಲ್ಲಿ ಒಂದು ಕ್ರಮ ಹಾಕಿಕೊಟ್ಟಿದ್ದಾರೆ. ದಾಖಲೆ ನಾಲ್ಕು ಬಗೆ: ಹೊಸಬರನ್ನು ಕೈಹಿಡಿದು ನಡೆಸುವ ಪಾಠ, ಇಂಥ ಕೆಲಸ ಆಗಬೇಕು ಎಂದು ಬಂದವರಿಗೆ ಹಂತ ಹಂತದ ಸೂಚನೆ, ಪ್ರತಿಯೊಂದು ಫಂಕ್ಷನ್ನನ್ನೂ ವಿವರಿಸುವ ಪಟ್ಟಿ, ಹೀಗೇಕೆ ಕಟ್ಟಿದೆವು ಎಂಬ ವಿವರಣೆ. ನಮ್ಮವರು ಸಾಮಾನ್ಯವಾಗಿ ಮೂರನೆಯದನ್ನು ಯಂತ್ರದಿಂದ ತೆಗೆಸಿ ಕೈತೊಳೆದುಕೊಳ್ಳುತ್ತಾರೆ. ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋ ತಂತ್ರಾಂಶದ ದಾಖಲೆ ತೆರೆದು ನೋಡಿ, ನಾಲ್ಕೂ ಬೇರೆ ಬೇರೆ ನಿಂತಿವೆ. ಹೊಸಬರು ಅಲ್ಲಿ ಕಾಲೂರಲು ಅದೂ ಒಂದು ಕಾರಣ. ನಾಲ್ಕನ್ನೂ ಒಟ್ಟಿಗೆ ಬರೆಯುವ ಶಕ್ತಿ ಇಲ್ಲದಿದ್ದರೆ ‘ಹೀಗೇಕೆ’ ಎಂಬುದನ್ನು ಮೊದಲು ಬರೆಯಿರಿ. ಉಳಿದದ್ದನ್ನು ಕೋಡ್ ಓದಿ ಯಾರಾದರೂ ಊಹಿಸಿಯಾರು, ಅದನ್ನು ನೀವೊಬ್ಬರೇ ಹೇಳಬಲ್ಲಿರಿ.

• ಬರೆಯುವ ಕೆಲಸಕ್ಕೂ ಬೆಲೆ ಕಟ್ಟಿ. ಅನುದಾನದ ಅರ್ಜಿಯಲ್ಲಿ ಡಾಕ್ಯುಮೆಂಟೇಶನ್‌ಗೆ ಒಂದು ಸಾಲು, ಅದರ ಮುಂದೆ ಒಂದು ಮೊತ್ತ ಇರಲೇಬೇಕು. ಗೂಗಲ್ 2019ರಲ್ಲಿ ‘ಸೀಸನ್ ಆಫ್ ಡಾಕ್ಸ್’ ಶುರುಮಾಡಿದ್ದು ತಾಂತ್ರಿಕ ಬರಹಗಾರರಿಗೆ ಸಂಭಾವನೆ ಕೊಟ್ಟು ಬರೆಸಲಿಕ್ಕೇ. ಪುಕ್ಕಟೆ ಮಾಡಿಕೊಡುವವರು ಸಿಕ್ಕರೆ ಅವರ ಹೆಸರನ್ನು ಕೋಡ್ ಬರೆದವರ ಸಾಲಿನಲ್ಲೇ ಹಾಕಿ.

• ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಬಾರದು. ರಿಲೀಸ್ ಹೇಗೆ ಮಾಡುವುದು, ಪಾಸ್‌ವರ್ಡ್, ಸಹಿ ಮಾಡುವ ಕೀ ಯಾರ ಬಳಿ ಇವೆ, ಡೊಮೇನ್ ಯಾರ ಹೆಸರಿನಲ್ಲಿದೆ ಎಂಬುದು ಬರಹದಲ್ಲಿರಲಿ. ಫೈಲುಗಳನ್ನು ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್ ಯೂಟಿಲ್ಸ್‌ನ ಕತೆ ನೆನಪಿದೆಯಲ್ಲ? ಒಬ್ಬರೇ ಸಂಬಳವಿಲ್ಲದೆ ಹೊತ್ತು ದಣಿದಿದ್ದ ಯೋಜನೆ. ಸಹಾಯ ಮಾಡುತ್ತೇನೆಂದು ಬಂದ ಅಪರಿಚಿತ ಖಾತೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಿಗೆ ಹಿಂಬಾಗಿಲು ಇಟ್ಟಿತು. ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಕೆದಕದಿದ್ದರೆ ಅದು ಎಲ್ಲೆಲ್ಲಿಗೆ ಹೋಗುತ್ತಿತ್ತೋ. ಜೊತೆಗಾರರಿಗೆ ಸಂಬಳ ಕೊಡುವಷ್ಟು ದುಡ್ಡಿದ್ದಿದ್ದರೆ ಆ ದಣಿವೂ ಇರುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

• ‘ಬೆಂಬಲಿಸಿ’ ಎಂದು ಬರೆದರೆ ಯಾರೂ ಕೊಡುವುದಿಲ್ಲ. ‘ಈ ಮೂರು ತಿಂಗಳು, ಈ ಕೆಲಸ, ಇಷ್ಟು ಮೊತ್ತ’ ಎಂದು ಬರೆಯಿರಿ. ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಸಂಸ್ಥೆ ಒಪ್ಪಿಕೊಂಡ ಹಂತ ಮುಗಿದ ಮೇಲೆಯೇ ಹಣ ಬಿಡುಗಡೆ ಮಾಡುತ್ತದೆ, ಹಾಗಾಗಿ ಹಂತಗಳನ್ನು ಸಣ್ಣದಾಗಿ ಒಡೆದುಕೊಳ್ಳುವುದು ಜಾಣತನ. ಜರ್ಮನಿಯಲ್ಲಿ ಸರ್ಕಾರವೇ 2022ರಲ್ಲಿ ಸಾವರಿನ್ ಟೆಕ್ ಫಂಡ್ ಕಟ್ಟಿತು. ದೂರ ಯಾಕೆ, ನಮ್ಮ ಬೆಂಗಳೂರಿನ ಝೆರೋಧಾ 2024ರಲ್ಲಿ ‘ಫ್ಲಾಸ್ ಫಂಡ್’ ಘೋಷಿಸಿ, ವರ್ಷಕ್ಕೆ 10 ಲಕ್ಷ ಡಾಲರ್ ಎಂದಿತು; ಒಂದು ಯೋಜನೆಗೆ 10,000ದಿಂದ 1 ಲಕ್ಷ ಡಾಲರ್‌ವರೆಗೆ. ಅರ್ಜಿ ಎಂದರೆ ಮುಖ್ಯವಾಗಿ ‘ಫಂಡಿಂಗ್ ಡಾಟ್ ಜೇಸನ್’ ಎಂಬ ಒಂದು ಫೈಲು: ಯೋಜನೆ ಯಾವುದು, ಹಣ ಎಷ್ಟು ಬೇಕು, ಯಾವ ದಾರಿಯಲ್ಲಿ ಕಳಿಸಬಹುದು, ಇಷ್ಟನ್ನು ಅಲ್ಲಿ ಬರೆದಿಡಬೇಕು. ಅದೂ ಒಂದು ದಾಖಲೆಯೇ ನೋಡಿ.

• ಬಂದ ಹಣಕ್ಕೆ ಮೊದಲ ದಿನದಿಂದಲೇ ಲೆಕ್ಕ ಇಡಿ. ಓಪನ್ ಕಲೆಕ್ಟಿವ್‌ನಂಥ ದೇಣಿಗೆ ತಾಣಗಳಲ್ಲಿ ಬಂದದ್ದು, ಹೋದದ್ದು ಎರಡೂ ಎಲ್ಲರಿಗೂ ಕಾಣುತ್ತವೆ. ಮುಜುಗರ ಅನಿಸಿದರೂ ಅದೇ ಒಳ್ಳೆಯದು. ವಿದೇಶದಿಂದ ಬಂದರೆ ಬ್ಯಾಂಕು ಉದ್ದೇಶದ ಕೋಡ್ ಕೇಳುತ್ತದೆ. ಕೊಡುಗೆಯೋ ಸೇವೆಗೆ ಪ್ರತಿಫಲವೋ ಎಂಬುದರ ಮೇಲೆ ತೆರಿಗೆಯ ಲೆಕ್ಕ ಬದಲಾಗುತ್ತದೆ. ಬಂಧುಗಳಲ್ಲದವರಿಂದ ಬಂದ ಕೊಡುಗೆ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಅಷ್ಟೂ ತೆರಿಗೆಗೆ ಒಳಪಡುತ್ತದೆ. ಸಂಘವನ್ನೋ ಟ್ರಸ್ಟನ್ನೋ ಕಟ್ಟಿ ವಿದೇಶಿ ದೇಣಿಗೆ ಪಡೆಯುವುದಾದರೆ ಎಫ್‌ಸಿಆರ್‌ಎ ಕಾಯ್ದೆಯ ಅನುಮತಿ ಬೇಕು. ಇವನ್ನೆಲ್ಲ ಗೆಳೆಯರನ್ನು ಕೇಳಿ ತೀರ್ಮಾನಿಸಬೇಡಿ, ಒಬ್ಬ ಸಿಎಗೆ ಫೀಸು ಕೊಟ್ಟು ಕೇಳಿ.

• ದುಡ್ಡು ಕೊಟ್ಟವರು ಬಗ್ ಪಟ್ಟಿಯಲ್ಲಿ ಮುಂದೆ ಬರಲಿ, ತೊಂದರೆಯಿಲ್ಲ. ಯೋಜನೆಯ ದಿಕ್ಕನ್ನು ಮಾತ್ರ ಅವರಿಗೆ ಮಾರಬೇಡಿ. ಕೊಟ್ಟವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹಣ ಬರುವ ಮುಂಚೆಯೇ ಬರೆದು ಪ್ರಕಟಿಸಿ.

• ನಿಮ್ಮದು ಫಾಂಟೋ ಕೀಲಿಮಣೆಯೋ ನಿಘಂಟೋ ಆಗಿದ್ದರೆ ಕನ್ನಡದಲ್ಲೂ ಒಂದು ಪುಟ ಬರೆಯಿರಿ. ಬಳಸುವವರು ಶಾಲೆಯ ಮೇಷ್ಟ್ರು, ಡಿಟಿಪಿ ಮಾಡುವವರು; ಅವರಿಗೆ ಟರ್ಮಿನಲ್ ತೆರೆಯಲು ಹೇಳಬೇಡಿ.

• ಕೊನೆಯದು ಕಂಪನಿಗಳಲ್ಲಿ ಕೂತಿರುವವರಿಗೆ. ನಿಮ್ಮ ತಂಡ ಯಾವ ಯಾವ ಓಪನ್ ಸೋರ್ಸ್ ತಂತ್ರಾಂಶದ ಮೇಲೆ ನಿಂತಿದೆ ಎಂದು ಈ ವಾರವೇ ಪಟ್ಟಿ ಮಾಡಿ. ಅದರಲ್ಲಿ ಒಬ್ಬಿಬ್ಬರೇ ನಡೆಸುತ್ತಿರುವ ಯೋಜನೆಗಳನ್ನು ಗುರುತು ಹಾಕಿ, ಏಪ್ರಿಲ್‌ನ ಬಜೆಟ್‌ನಲ್ಲಿ ಅವಕ್ಕೆ ಒಂದು ಸಾಲು ಬರೆಸಿ. ಮ್ಯಾನೇಜರ್ ಒಪ್ಪದಿದ್ದರೆ ಹಾರ್ಟ್‌ಬ್ಲೀಡ್ ಎಂದರೇನೆಂದು ಅವರಿಗೆ ಹೇಳಿ.