ಅಮೀರ್ ಅಲಿಯ ಕಣ್ಣೀರು

ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಹಳೆಯ ಬಂಗಲೆಯಿದೆ. ನಮ್ಮ ಕೊಡ್ಲಿ, ಸೇಡಂ ಕಡೆಯ ಜನರಿಗೂ ಆ ಹೆಸರು ಅಪರಿಚಿತವಲ್ಲ. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರನು 1840ರ ದಶಕದಲ್ಲಿ ಅಲ್ಲಿಯ ಆಡಳಿತವನ್ನು ನಡೆಸಿದವನು. ಅದಕ್ಕೂ ಮೊದಲೇ, 1839ರಲ್ಲಿ, ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ರೋಮಾಂಚಕಾರಿ ಕಾದಂಬರಿ ಪ್ರಕಟವಾಗಿತ್ತು.

ದಾರಿಹೋಕರ ಸ್ನೇಹ ಬೆಳೆಸಿ, ರುಮಾಲಿನಿಂದ ಕೊರಳು ಬಿಗಿದು ಕೊಲ್ಲುವವರೇ ಥಗ್ಗರು. ಕಥಾನಾಯಕ ಅಮೀರ್ ಅಲಿ ಮಾಫಿ ಸಾಕ್ಷಿಯಾಗಿ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಬಾಲ್ಯದಲ್ಲಿ ಅವನ ತಂದೆತಾಯಿಗಳನ್ನು ಕೊಂದವರೂ ಥಗ್ಗರೇ. ಅವನನ್ನು ಮಗನಂತೆ ಸಾಕಿದ ಇಸ್ಮಾಯಿಲನೂ ಥಗ್ಗನೇ!

ಅಮೀರನ ಮಡದಿ ಅಜೀಮಾ. ಗಂಡನು ಸಾಹುಕಾರನೆಂದೇ ಅವಳ ನಂಬಿಕೆ. ಅವನು ಮನೆಯಲ್ಲಿ ಕಪಟಿಯಲ್ಲ. ಹೆಂಡತಿಯನ್ನೂ ಮಗಳನ್ನೂ ನಿಜವಾಗಿ ಪ್ರೀತಿಸುತ್ತಾನೆ. ಆದರೆ ಅವನು ಸೆರೆಸಿಕ್ಕಾಗ ಗುಟ್ಟು ಬಯಲಾಗುತ್ತದೆ. ಇಸ್ಮಾಯಿಲನಿಗೆ ಮರಣದಂಡನೆಯಾಗುತ್ತದೆ. ಗಂಡನ ಕಸುಬನ್ನು ಕೇಳಿದ ಅಜೀಮಾ ಆ ಆಘಾತದಿಂದಲೇ ಪ್ರಾಣ ಬಿಡುತ್ತಾಳೆ. ಮಗಳು ಪರರ ಆಶ್ರಯಕ್ಕೆ ಸೇರುತ್ತಾಳೆ.

ಇನ್ನು ಅವನು ಬದಲಾಗಬೇಕಲ್ಲವೇ? ಓದುಗರಾದ ನಾವು ಹಾಗೆಯೇ ಬಯಸುತ್ತೇವೆ. ಅಮೀರನು ಅಳುತ್ತಾನೆ, ಅವಳ ಹೆಸರೆತ್ತಿದರೆ ಕುಗ್ಗುತ್ತಾನೆ. ಆದರೂ ಮತ್ತೆ ಥಗ್ಗರ ಗುಂಪನ್ನೇ ಸೇರುತ್ತಾನೆ. ಅವನ ಕೈಯಿಂದ ಹತರಾದವರ ಮನೆಗಳಲ್ಲಿಯೂ ಅಜೀಮಾನಂತಹ ಮಡದಿಯರಿದ್ದರು. ಅವರ ನೆನಪು ಅವನನ್ನು ಕಾಡುವುದಿಲ್ಲ. ಕೊಲೆಗಳನ್ನು ಅವನು ಬೇಟೆಯ ಕಥೆಯಂತೆ ಹೆಮ್ಮೆಯಿಂದ ವರ್ಣಿಸುತ್ತಾನೆ. ಕೊಲೆಗಳಿಗಿಂತಲೂ ನನ್ನನ್ನು ಹೆಚ್ಚು ನಡುಗಿಸಿದ್ದು ಆ ಹೆಮ್ಮೆಯೇ. ಟೇಲರನು ಅಲ್ಲಿ ತೀರ್ಪು ನೀಡಲು ಅವಸರಪಡುವುದಿಲ್ಲ. ಅಳುವ ಕಣ್ಣನ್ನೂ ರುಮಾಲು ಹಿಡಿದ ಕೈಯನ್ನೂ ಒಬ್ಬನಲ್ಲಿಯೇ ತೋರಿಸಿ ಸುಮ್ಮನಾಗುತ್ತಾನೆ.