ನೊಣದ ನಿದ್ರೆಯೂ ಮಕ್ಕಳ ನಿದ್ರೆಯೂ

ಪರೀಕ್ಷೆ ಸಮೀಪಿಸಿದೊಡನೆ ವಿದ್ಯಾರ್ಥಿಗಳು ಮೊದಲು ಬಿಡುವುದು ನಿದ್ರೆಯನ್ನು. "ನೆರೆಮನೆಯ ಹುಡುಗ ನಾಲ್ಕು ತಾಸು ಮಲಗಿ ಏಳುತ್ತಾನೆ, ನಿನಗೆ ಎಂಟು ತಾಸು ಏತಕ್ಕೆ?" ಎಂದು ಗದರಿಸುವ ಪಾಲಕರೂ ಉಂಟು. ಈ ಪ್ರಶ್ನೆಯ ಉತ್ತರವನ್ನು ವಿಜ್ಞಾನಿಗಳು ಒಂದು ಕ್ಷುದ್ರ ಕೀಟದಲ್ಲಿ ಅರಸಿದ್ದಾರೆ.

ನಮ್ಮ ಜತ್ತ ತಾಲೂಕಿನಲ್ಲಿ ದ್ರಾಕ್ಷಿ, ದಾಳಿಂಬೆ ಕೊಳೆತಲ್ಲೆಲ್ಲ ಮುತ್ತುವ, ಎಳ್ಳುಕಾಳಿನಷ್ಟು ಗಾತ್ರದ, ಕೆಂಗಣ್ಣಿನ ನೊಣವನ್ನು ನೀವೆಲ್ಲರೂ ಕಂಡಿರುವಿರಿ. ಇದರ ಶಾಸ್ತ್ರೀಯ ನಾಮ ಡ್ರೊಸೊಫಿಲ. ಒಂದು ಶೀಶೆಯಲ್ಲಿ ನೂರಾರು ನೊಣಗಳನ್ನು ಸಾಕಬಹುದು. ಸುಮಾರು ೧೦ ದಿನಗಳಲ್ಲಿ ತತ್ತಿಯು ನೊಣವಾಗುತ್ತದೆ. ಆದುದರಿಂದ ಒಂದೇ ವರ್ಷದಲ್ಲಿ ಹಲವು ತಲೆಮಾರುಗಳನ್ನು ಪರೀಕ್ಷಿಸಿ, ಯಾವ ಗುಣವು ಹುಟ್ಟಿನಿಂದ ಬಂದಿತೆಂದು ತಿಳಿಯಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂಥ ನೊಣಗಳ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ.

ನೊಣವು ನಿದ್ರಿಸುವುದೆಂದು ಅರಿಯುವುದು ಹೇಗೆ? ಸಣ್ಣ ಗಾಜಿನ ನಳಿಕೆಯಲ್ಲಿ ಒಂದೊಂದೇ ನೊಣವನ್ನು ಬಿಟ್ಟು, ನಡುವೆ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಾಯಿಸುವರು. ನೊಣವು ಐದು ನಿಮಿಷ ಕಿರಣವನ್ನು ದಾಟದಿದ್ದರೆ ಅದು ಮಲಗಿದೆಯೆಂದು ಲೆಕ್ಕ. ರಾತ್ರಿಯೆಲ್ಲ ಎಚ್ಚರವಿರಿಸಿದ ನೊಣವು ಮರುದಿನ ಹೆಚ್ಚು ಮಲಗಿ ಆ ಸಾಲವನ್ನು ತೀರಿಸುವುದೆಂದು ೨೦೦೦ದಲ್ಲಿ ಅಮೇರಿಕದ ಎರಡು ತಂಡಗಳು ತೋರಿಸಿದವು. ಕಾಫಿಯಲ್ಲಿರುವ ಕೆಫೀನು ನಮ್ಮಂತೆ ಅದರ ನಿದ್ರೆಯನ್ನೂ ಕೆಡಿಸುತ್ತದೆ.

೨೦೦೫ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಸುಮಾರು ೯೦೦೦ ತಳಿಗಳನ್ನು ಶೋಧಿಸಿ, ಉಳಿದವುಗಳ ನಿದ್ರೆಯ ಮೂರರಲ್ಲೊಂದು ಪಾಲು ಮಾತ್ರ ಮಲಗುವ ತಳಿಯೊಂದನ್ನು ಕಂಡರು. ಅದಕ್ಕೆ ಕಾರಣ, ಗುಣಗಳನ್ನು ಸಂತತಿಗೆ ಸಾಗಿಸುವ ವಂಶವಾಹಿಗಳಲ್ಲಿ ಒಂದರಲ್ಲಾದ ಬದಲಾವಣೆ. ಶೇಕರ್ ಎಂಬ ಆ ವಂಶವಾಹಿಯು ನರಕೋಶಗಳ ಉದ್ರೇಕವನ್ನು ಶಮನಗೊಳಿಸುವುದರಲ್ಲಿ ಪಾಲುಗೊಳ್ಳುತ್ತದೆ. ಆ ನೊಣಗಳ ಆಯುಷ್ಯವೂ ಕಡಿಮೆಯಾಗಿತ್ತು.

ನೊಣದ ಮೆದುಳಿನ ಕೆಲವೇ ದೊಡ್ಡ ನರಕೋಶಗಳು ಅದನ್ನು ಎಚ್ಚರವಿರಿಸುತ್ತವೆಂದು ತೋರಿಸಿದ ೨೦೦೮ರ ಸಂಶೋಧನೆಯಲ್ಲಿ ಶೀಬಾ ವಾಸು ಅವರು ಪ್ರಮುಖರು. ಮುಂದೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಅಭ್ಯಾಸವನ್ನು ಮುಂದುವರಿಸಿದರು.

ಮನುಷ್ಯರ ಮಾತೇನು? ೨೦೦೯ರಲ್ಲಿ, ಹುಟ್ಟಿನಿಂದಲೇ ಆರು ತಾಸಿನ ನಿದ್ರೆ ಸಾಕಾಗುತ್ತಿದ್ದ ತಾಯಿ-ಮಗಳಲ್ಲಿ ಒಂದು ವಂಶವಾಹಿಯ ಬದಲಾವಣೆ ಕಂಡುಬಂದಿತು. ಅದನ್ನೇ ನೊಣಕ್ಕೆ ಸೇರಿಸಿದಾಗ ನೊಣವೂ ಕಡಿಮೆ ಮಲಗಿತು! ಆದರೆ ಇಂಥವರು ತೀರ ವಿರಳ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ೮ರಿಂದ ೧೦ ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ.

ಆದುದರಿಂದ ಪಾಲಕರೇ, ನಿದ್ರೆಯ ಅವಶ್ಯಕತೆಯು ಆಲಸ್ಯವಲ್ಲ. ಅದು ಸ್ವಲ್ಪಮಟ್ಟಿಗೆ ಹುಟ್ಟಿನೊಡನೆ ಬಂದುದು. ಒಂದು ಮಗುವಿನ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬೇಡಿರಿ. ವಿದ್ಯಾರ್ಥಿಗಳೇ, ಶೀಶೆಯಲ್ಲಿ ಬಾಳೆಹಣ್ಣಿನ ತುಂಡಿಟ್ಟು, ನೊಣಗಳು ಬಂದ ಮೇಲೆ ಬಾಯಿಗೆ ಅರಿವೆ ಕಟ್ಟಿರಿ. ನಸುಕಿನಲ್ಲಿ, ನಡುಹಗಲಿನಲ್ಲಿ, ಸಂಜೆಯಲ್ಲಿ ಎಷ್ಟು ನೊಣಗಳು ಓಡಾಡುವವೆಂದು ಎಣಿಸಿ ಬರೆಯಿರಿ. ನಿದ್ರೆಗೂ ಒಂದು ನಿಯಮವುಂಟೆಂದು ನಿಮಗೇ ತಿಳಿಯುವುದು.